ಕೊಡಲಿಯಿಂದ ನೆರಳಿಗೆ: ಮಂಜರಾಬಾದಿನ ತೋಟಗಾರ ರಾಬರ್ಟ್ ಎಲಿಯಟ್



ಹೊಳೆನರಸೀಪುರದ ಹಿರಿಯರನ್ನು ಕೇಳಿದರೆ ಅವರು ಹೇಮಾವತಿಯ ವಿಷಯವಾಗಿ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ಆಷಾಢದಲ್ಲಿ ಊರಿನಲ್ಲಿ ಹನಿ ಮಳೆಯೂ ಬಿದ್ದಿರುತ್ತಿರಲಿಲ್ಲ. ಆದರೂ ಬೆಳಗಾಗುವುದರೊಳಗೆ ಹೊಳೆ ದಡ ತುಂಬಿ, ಕೆಂಪಗೆ, ಕಡ್ಡಿ ಕಸ ಹೊತ್ತುಕೊಂಡು ಬರುತ್ತಿತ್ತು. ಮಳೆ ಬಿದ್ದುದು ಇಲ್ಲಿಯಲ್ಲ, ಮೇಲೆ, ಮಂಜರಾಬಾದಿನ ಮಲೆಗಳಲ್ಲಿ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಆ ಕೆಂಪು ನೀರು ಮೊದಲು ಜಲಾಶಯದಲ್ಲಿ ನಿಂತು, ತಿಳಿಯಾಗಿ, ಅನಂತರ ಕೆಳಕ್ಕೆ ಇಳಿಯುತ್ತದೆ. ಆದರೆ ನೀರು ಕೆಂಪಾಗಿದ್ದುದೇಕೆ? ಆ ಕೆಂಪು ಬಣ್ಣ ಮಣ್ಣಿನದು. ಯಾರದೋ ಬೆಟ್ಟದ ಮೇಲುಮಣ್ಣು ನಮ್ಮ ಹೊಳೆಯಲ್ಲಿ ಹರಿದು ಬರುತ್ತಿತ್ತು. ಅದು ಯಾರ ಬೆಟ್ಟ, ಅಲ್ಲಿಯ ಮರಗಳು ಏನಾದುವು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ನಾವು ಹತ್ತೊಂಬತ್ತನೆಯ ಶತಮಾನದ ಒಬ್ಬ ಮನುಷ್ಯನ ಮುಂದೆ ಬಂದು ನಿಲ್ಲುತ್ತೇವೆ. ಆತನು ಕೊಡಲಿ ಹಿಡಿದು ಬಂದವನು. ಮರವನ್ನು ಉಳಿಸಿರಿ ಎಂದು ಬರೆದು ಹೋದವನು. ಈ ಭಾಷಣದಲ್ಲಿ ನಾವು ಆತನ ಬಾಳನ್ನೂ, ಆ ಬಾಳಿನಿಂದ ನಮಗೆ ದೊರೆಯುವ ಪಾಠವನ್ನೂ ವಿವರಿಸಲು ಯತ್ನಿಸುತ್ತೇವೆ.

ಮೊದಲು ನೆಲದ ಪರಿಚಯ ಆಗಬೇಕು. ಇಂದು ನಾವು ಸಕಲೇಶಪುರ ತಾಲ್ಲೂಕು ಎಂದು ಕರೆಯುವ ಸೀಮೆಗೆ ಹಿಂದೆ ಮಂಜರಾಬಾದು ಎಂದು ಹೆಸರು. ಟಿಪ್ಪೂ ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಅಲ್ಲಿಯ ಗುಡ್ಡದ ಮೇಲೆ ಇಂದಿಗೂ ನಿಂತಿದೆ. ಈ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆ. ಪಶ್ಚಿಮದ ಅಂಚಿನಲ್ಲಿ ಘಟ್ಟ ಒಮ್ಮೆಗೇ ಕುಸಿದು ದಕ್ಷಿಣ ಕನ್ನಡದ ಕಡೆಗೆ ಇಳಿಯುತ್ತದೆ. ಸಕಲೇಶಪುರದಲ್ಲಿ ವರ್ಷಕ್ಕೆ 80 ಅಂಗುಲಕ್ಕೂ ಹೆಚ್ಚು ಮಳೆ; ಘಟ್ಟದ ತುದಿಗೆ ಹೋದಂತೆ ಇನ್ನೂ ಹೆಚ್ಚು. ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ಚನ್ನರಾಯಪಟ್ಟಣದಲ್ಲಿ 30 ಅಂಗುಲದ ಆಸುಪಾಸು. ಹಾಸನ ಪಟ್ಟಣ ಈ ಎರಡರ ನಡುವೆ, ಒಂದು ಕಾಲನ್ನು ಮಲೆನಾಡಿನಲ್ಲಿಯೂ ಒಂದನ್ನು ಮೈದಾನದಲ್ಲಿಯೂ ಇಟ್ಟುಕೊಂಡಂತೆ ಇದೆ. ಒಂದೇ ಜಿಲ್ಲೆಯೊಳಗೆ ಮೋಡ ಇಷ್ಟು ಪಕ್ಷಪಾತ ಮಾಡಿದುದರಿಂದಲೇ ಕೆಳಗಿನವರ ಬೆಳೆ ಮೇಲಿನವರ ಕಾಡಿಗೆ ಋಣಿಯಾಯಿತು. ಹೇಮಾವತಿಯ ಮೇಲಿನ ಶ್ರೀರಾಮದೇವರ ಅಣೆಯಂತಹ ಹಳೆಯ ಕಟ್ಟೆಗಳೂ, ಅವುಗಳ ನಾಲೆಗಳ ಕೆಳಗಿನ ಗದ್ದೆಗಳೂ ಈ ಋಣದ ಪತ್ರಗಳೇ.

ಈ ಮಲೆಗಳಿಗೆ 1856ರಲ್ಲಿ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ತರುಣನು ಬಂದನು. ಹುಟ್ಟಿದುದು 1837ರಲ್ಲಿ, ಎಂದರೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮೈಸೂರು ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮಾರ್ಕ್ ಕಬ್ಬನ್ ಸಾಹೇಬರು ಕಮಿಷನರಾಗಿದ್ದರು. ಚಿಕ್ಕಮಗಳೂರಿನ ಕಡೆ ಕ್ಯಾನನ್ ಎಂಬವರೂ, ದಕ್ಷಿಣ ಮಂಜರಾಬಾದಿನಲ್ಲಿ 1843ರಿಂದ ಗ್ರೀನ್ ಎಂಬವರೂ ಕಾಫಿಯ ತೋಟ ಮಾಡಿದ್ದರು. ಅವರನ್ನು ಬಿಟ್ಟರೆ ಯುರೋಪಿಯನ್ ತೋಟಗಾರರು ಬೆರಳೆಣಿಕೆಯಷ್ಟೆ. ಸರಿಯಾದ ರಸ್ತೆಯಿಲ್ಲ, ರೈಲಿಲ್ಲ. ಬೆಂಗಳೂರಿಗೆ ರೈಲು ಬಂದುದೇ 1864ರಲ್ಲಿ. ಸುತ್ತಲೂ ಕಾಡು, ಕಾಡಿನ ನಡುವೆ ಗೌಡರ ಹಳ್ಳಿಗಳು, ಹಳ್ಳಿಯ ಸುತ್ತ ಭತ್ತದ ಗದ್ದೆಗಳು. ಇಂತಹ ಕಡೆಯಲ್ಲಿ ಒಬ್ಬಂಟಿಗನಾದ ಹುಡುಗನು ಕಾಡನ್ನು ಕಡಿದು ಬದುಕು ಕಟ್ಟಿಕೊಳ್ಳಲು ನಿಂತನು.

ಕಡಿಯುವುದೆಂದರೆ ಹೇಗೆ? ತೋಟಗಾರಿಕೆಯ ಗುರುಪೀಠ ಆ ಕಾಲಕ್ಕೆ ಸಿಂಹಳ. ಅಲ್ಲಿ ರೂಢಿಯಾಗಿದ್ದ ಕ್ರಮವನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಇಳಿಜಾರಿನ ಅಡಿಯಿಂದ ಆರಂಭಿಸಿ ಒಂದೊಂದು ಮರದ ಬುಡವನ್ನೂ ಅರ್ಧಕ್ಕರ್ಧ ಕಡಿದು, ಬೀಳಿಸದೆ ಹಾಗೆಯೇ ನಿಲ್ಲಿಸಿ ಮೇಲಕ್ಕೆ ಹೋಗುವುದು. ತುದಿಯನ್ನು ಮುಟ್ಟಿದ ಮೇಲೆ ಅಲ್ಲಿಯ ದೊಡ್ಡ ಮರಗಳನ್ನು ಪೂರ್ತಿಯಾಗಿ ಕಡಿಯುವುದು. ಅವು ಉರುಳಿ ತಮ್ಮ ಕೆಳಗಿನವುಗಳ ಮೇಲೆ ಬಿದ್ದು, ಅವು ತಮ್ಮ ಕೆಳಗಿನವುಗಳ ಮೇಲೆ ಬಿದ್ದು, ನೂರಾರು ವರ್ಷ ಬೆಳೆದ ಕಾಡು ಕೆಲವು ನಿಮಿಷಗಳಲ್ಲಿ ನೆಲ ಕಚ್ಚುತ್ತಿತ್ತು. ಬಿದ್ದುದನ್ನು ಬೇಸಗೆಯಲ್ಲಿ ಒಣಗಿಸಿ ಬೆಂಕಿಯಿಡುವುದು. ಮುಂಗಾರಿನಲ್ಲಿ ಬೂದಿಯ ನಡುವೆ ಗುಳಿ ತೋಡಿ ಸಸಿ ನೆಡುವುದು. ಸಾಗಿಸುವ ದಾರಿಯಿಲ್ಲದ ಕಡೆ ಬೆಲೆಬಾಳುವ ಮರವೂ ಬೂದಿಯೇ. ಬೂದಿಯಲ್ಲಿಯೂ, ಶತಮಾನಗಳ ತರಗೆಲೆಯಿಂದಾದ ಕಪ್ಪು ಮಣ್ಣಿನಲ್ಲಿಯೂ ನೆಟ್ಟ ಕಾಫಿ ಗಿಡ ಮೊದಲ ಕೆಲವು ವರ್ಷ ಸೊಕ್ಕಿ ಬೆಳೆಯುತ್ತಿತ್ತು. ಮೂರು ನಾಲ್ಕು ವರ್ಷಕ್ಕೆ ಫಸಲು. ಫಸಲಿಗೆ ಲಂಡನ್ನಿನಲ್ಲಿ ಬೆಲೆ. ಇದನ್ನು ಕಂಡವರಿಗೆ ಮರ ಎಂಬುದು ದಾರಿಯ ಅಡ್ಡಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಯುರೋಪಿಯನ್ನರು ಬರುವುದಕ್ಕೆ ಬಹಳ ಮುಂಚೆಯೇ ನಮ್ಮ ಮಲೆನಾಡಿನವರು ಕಾಫಿಯನ್ನು ಬಲ್ಲವರಾಗಿದ್ದರು. ಬಾಬಾ ಬುಡನ್ ಅವರು ಅರೇಬಿಯಾದಿಂದ ಬೀಜ ತಂದರೆಂಬ ಐತಿಹ್ಯವನ್ನು ಎಲ್ಲರೂ ಕೇಳಿರುತ್ತೀರಿ. ಮನೆಯ ಹಿತ್ತಲಿನಲ್ಲಿ, ಹಲಸಿನ ಕೆಳಗೆ, ಗೋಣಿಯ ಮರದ ಕೆಳಗೆ, ಹಳ್ಳಿಯ ಪಕ್ಕದ ಕಾನಿನ ಅಂಚಿನಲ್ಲಿ ಹತ್ತು ಇಪ್ಪತ್ತು ಗಿಡಗಳನ್ನು ನೆಟ್ಟುಕೊಂಡು, ಬಂದಷ್ಟು ಹಣ್ಣನ್ನು ಕಿತ್ತು ಮಾರುವುದು ಅವರ ಕ್ರಮ. ಕಾಫಿಗಾಗಿ ಅವರು ಮರ ಕಡಿಯಲಿಲ್ಲ. ಮರವಿದ್ದ ಕಡೆ ಕಾಫಿ ನೆಟ್ಟರು. ಹೊಸ ಕ್ರಮವನ್ನು ಕಲಿತು ಬಂದ ತೋಟಗಾರನಿಗೆ ಇದು ಸೋಮಾರಿಯ ಬೇಸಾಯವಾಗಿ ಕಂಡಿತು. ನೆರಳಿನ ಗಿಡದಲ್ಲಿ ಹಣ್ಣು ಕಡಿಮೆ. ಬಿಸಿಲಿನ ಗಿಡದಲ್ಲಿ ಹೆಚ್ಚು. ಲೆಕ್ಕ ಸ್ಪಷ್ಟವಾಗಿತ್ತು. ಆದಕಾರಣ ಆ ಪೀಳಿಗೆಯ ತೋಟಗಾರರಲ್ಲಿ ಅನೇಕರು ನೆರಳನ್ನು ತೆಗೆದರು, ಇಲ್ಲವೆ ಅತಿ ತೆಳುವಾಗಿ ಉಳಿಸಿದರು. ಎಲಿಯಟ್ಟರೂ ಆ ಪೀಳಿಗೆಯವರೇ.

ಲೆಕ್ಕ ತಪ್ಪಿದುದು ಸುಮಾರು ಹತ್ತು ವರ್ಷಗಳ ಮೇಲೆ. 1860ರ ದಶಕದ ನಡುಭಾಗದಲ್ಲಿ, ಮಳೆ ಕಡಿಮೆಯಾದ ವರ್ಷಗಳ ಬೆನ್ನಿಗೆ, ಹಸುರಾಗಿದ್ದ ತೋಟಗಳಲ್ಲಿ ಗಿಡಗಳು ಒಂದೊಂದಾಗಿ ಹಳದಿಗೆ ತಿರುಗಿ ಬಾಡತೊಡಗಿದುವು. ಗಿಡವನ್ನು ಹಿಡಿದು ಬಗ್ಗಿಸಿದರೆ ಪಟ್ಟೆಂದು ಮುರಿಯುತ್ತಿತ್ತು; ಮುರಿದ ಕಡೆ ನೋಡಿದರೆ ಒಳಗೆಲ್ಲ ಸುರಂಗ, ಸುರಂಗದ ತುಂಬ ಹುಡಿ. ಅದು ಕಾಂಡಕೊರಕದ ಕೆಲಸ. ತೋಟಗಾರರು ಅದನ್ನು ಬೋರರ್ ಎಂದು ಕರೆದರು; ಇಂದಿಗೂ ಮಲೆನಾಡಿನಲ್ಲಿ ಅದೇ ಹೆಸರು. ಅದು ಒಂದು ಸಣ್ಣ ದುಂಬಿಯ ಮರಿ. ತಾಯಿದುಂಬಿ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ತಿಂಗಳುಗಟ್ಟಲೆ ಮರವನ್ನು ತಿಂದು, ಮತ್ತೆ ದುಂಬಿಯಾಗಿ ಹೊರಬರುತ್ತದೆ. ಈ ಪ್ರಾಣಿಯ ಸ್ವಭಾವದಲ್ಲಿ ನಮ್ಮ ಕಥೆಗೆ ಮುಖ್ಯವಾದ ಅಂಶವೊಂದಿದೆ. ಅದಕ್ಕೆ ಬಿಸಿಲು ಬೇಕು. ಬಿಸಿಲು ನೇರವಾಗಿ ಬೀಳುವ ಬೆಚ್ಚನೆಯ ಕಾಂಡವನ್ನು ಅದು ಹುಡುಕಿಕೊಂಡು ಹೋಗುತ್ತದೆ. ದಟ್ಟವಾದ ನೆರಳಿನ ತೋಟದಲ್ಲಿ ಅದರ ಹಾವಳಿ ಕಡಿಮೆ. ಕಾಡನ್ನು ಬೋಳಿಸಿದವರು ತಮಗೆ ತಿಳಿಯದೆಯೇ ಈ ದುಂಬಿಗೆ ಸಾವಿರಾರು ಎಕರೆಗಳ ಮನೆ ಕಟ್ಟಿಕೊಟ್ಟಿದ್ದರು.

ನಷ್ಟ ಅಪಾರವಾಯಿತು. ತೋಟಗಾರರ ಮೊರೆಯನ್ನು ಕೇಳಿ ಮದರಾಸಿನ ವೈದ್ಯಾಧಿಕಾರಿಯೂ ಪ್ರಕೃತಿಶಾಸ್ತ್ರಜ್ಞರೂ ಆದ ಜಾರ್ಜ್ ಬಿಡಿ ಎಂಬವರನ್ನು ವಿಚಾರಣೆಗೆ ನೇಮಿಸಲಾಯಿತು. 1869ರಲ್ಲಿ ಅಚ್ಚಾದ ಅವರ ವರದಿಯಲ್ಲಿ ನೆರಳಿನ ಅಗತ್ಯವನ್ನು ಒತ್ತಿ ಹೇಳಲಾಗಿತ್ತು. ಕೀಟದ ಹಾವಳಿಯ ಜೊತೆಗೆ ಗಿಡದ ಜಾತಿಯೂ ಸೊರಗಿತ್ತು. ಚಿಕ್ಕಮಗಳೂರಿನ ಹೆಸರಿನಿಂದ ಚಿಕ್ ಎಂದು ಕರೆಯಿಸಿಕೊಳ್ಳುತ್ತಿದ್ದ ಹಳೆಯ ಮೈಸೂರು ಗಿಡ ಕ್ಷೀಣಿಸಿ, ಅದರ ಬದಲು ಕೊಡಗಿನಿಂದ ಬೀಜ ತಂದು ನೆಡುವ ಕಾಲ ಬಂದಿತು. ಇತ್ತ ಗುರುಪೀಠವಾದ ಸಿಂಹಳದ ಗತಿ ಇನ್ನೂ ಕೆಟ್ಟಿತು. ಅದೇ 1869ರಲ್ಲಿ ಅಲ್ಲಿ ಎಲೆಯ ತುಕ್ಕುರೋಗ ಕಾಣಿಸಿಕೊಂಡು, ಬೆಟ್ಟದಿಂದ ಬೆಟ್ಟಕ್ಕೆ ಎಡೆಬಿಡದೆ ಹಬ್ಬಿದ್ದ ಒಂದೇ ಬೆಳೆಯ ಮೇಲೆ ಕಾಳ್ಗಿಚ್ಚಿನಂತೆ ಹರಡಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸಿಂಹಳವು ಕಾಫಿಯ ದೇಶವಾಗಿದ್ದುದು ಹೋಗಿ ಚಹದ ದೇಶವಾಯಿತು. ಮೈಸೂರಿಗೂ ತುಕ್ಕುರೋಗ ತಪ್ಪಲಿಲ್ಲ. ಆದರೆ ಮೈಸೂರಿನ ಕಾಫಿ ಉಳಿದುಕೊಂಡಿತು. ಉಳಿದುದಕ್ಕೆ ಕಾರಣಗಳು ಹಲವು. ಮರಗಳನ್ನು ಮತ್ತೆ ಬೆಳೆಸಿದುದು ಅವುಗಳಲ್ಲಿ ಒಂದು.

ಎಲಿಯಟ್ಟರು ಈ ಕಾಲವನ್ನು ದಾಟಿ ಬಂದವರು. 1871ರಲ್ಲಿ ಅವರು ಮೈಸೂರು ಕಾಡುಗಳಲ್ಲಿ ತೋಟಗಾರನೊಬ್ಬನ ಅನುಭವಗಳನ್ನು ಕುರಿತು ಎರಡು ಸಂಪುಟಗಳ ಗ್ರಂಥವನ್ನು ಬರೆದರು. 1894ರಲ್ಲಿ, ಮೂವತ್ತೆಂಟು ವರ್ಷಗಳ ಅನುಭವದ ಫಲವೆಂದು ಹೇಳಿಕೊಂಡು, ಮೈಸೂರಿನ ಚಿನ್ನ, ಬೇಟೆ, ಕಾಫಿ ಬೇಸಾಯ ಇವುಗಳನ್ನು ಕುರಿತು ಇನ್ನೊಂದು ಗ್ರಂಥವನ್ನು ಪ್ರಕಟಿಸಿದರು. ಈ ಎರಡನೆಯದರಲ್ಲಿ ನೆರಳಿಗೆ ಒಂದು ಅಧ್ಯಾಯವೇ ಮೀಸಲು, ಗೊಬ್ಬರಕ್ಕೆ ಇನ್ನೊಂದು. ಕಡಿಯುವುದನ್ನು ಕಲಿತು ಬಂದ ಪೀಳಿಗೆಯವನೊಬ್ಬನು ಇಲ್ಲಿ ಮರವನ್ನು ಹೇಗೆ ಆರಿಸಬೇಕು, ಹೇಗೆ ನೆಡಬೇಕು, ಎಷ್ಟು ಅಂತರ ಬಿಡಬೇಕು, ಯಾವ ದಿಕ್ಕಿನ ಇಳಿಜಾರಿಗೆ ಎಷ್ಟು ನೆರಳು ಬೇಕು ಎಂಬುದನ್ನು ಪುಟಪುಟವಾಗಿ ವಿವರಿಸುತ್ತಾನೆ. ಎಲ್ಲಾ ಮರಗಳೂ ಒಂದೇ ಅಲ್ಲ. ಕೆಲವು ಗಿಡದ ಬಾಯಿಂದ ನೀರನ್ನು ಕಿತ್ತುಕೊಳ್ಳುತ್ತವೆ. ಕೆಲವು ಬೇಸಗೆಯಲ್ಲಿ, ನೆರಳು ಬೇಕಾದಾಗಲೇ, ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಅವರು ಮೆಚ್ಚಿ ಹೇಳಿದವು ಅತ್ತಿಯ ಬಳಗದ ಮರಗಳು: ಗೋಣಿ, ಬಗೆಬಗೆಯ ಬಸರಿ. ಇಂಗ್ಲಿಷ್ ಪುಸ್ತಕದ ನಡುವೆ ಈ ಕನ್ನಡ ಹೆಸರುಗಳು ಬಂದಾಗ ನಮಗೆ ಸಂತೋಷವಾಗುತ್ತದೆ. ಜೊತೆಗೆ ಒಂದು ವಿಷಯವೂ ಹೊಳೆಯುತ್ತದೆ. ಹೆಸರು ಕನ್ನಡದಲ್ಲಿದೆಯೆಂದರೆ ಪಾಠ ಹೇಳಿಕೊಟ್ಟವರೂ ಕನ್ನಡಿಗರೇ ಆಗಿರಬಹುದು. ಹಿತ್ತಲಿನ ಗೋಣಿಯ ಕೆಳಗೆ ಕಾಫಿ ಬೆಳೆದ ಗೌಡನು ಮೊದಲೇ ಬಲ್ಲ ವಿದ್ಯೆಯನ್ನು ಈ ತೋಟಗಾರ ಪೀಳಿಗೆ ಹತ್ತಾರು ವರ್ಷಗಳ ನಷ್ಟವನ್ನು ಶುಲ್ಕವಾಗಿ ತೆತ್ತು ಕಲಿಯಿತು.

ನೆರಳು ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾಫಿ ಗಿಡ ಮೂಲತಃ ಇಥಿಯೋಪಿಯದ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆದುದು. ಪೂರ್ಣ ಬಿಸಿಲಿನಲ್ಲಿ ಅದು ಶಕ್ತಿ ಮೀರಿ ಕಾಯಿ ಬಿಟ್ಟು, ಮರುವರ್ಷ ರೆಕ್ಕೆ ಒಣಗಿ ನಿಲ್ಲುತ್ತದೆ. ನೆರಳಿನಲ್ಲಿ ಫಸಲು ವರ್ಷಕ್ಕೆ ಸ್ವಲ್ಪ ಕಡಿಮೆಯಾದರೂ ಗಿಡದ ಆಯುಸ್ಸು ದೀರ್ಘ. ಆಷಾಢದ ಮಳೆ ನೇರವಾಗಿ ಬರಿನೆಲಕ್ಕೆ ಹೊಡೆದರೆ ಮಣ್ಣು ಎದ್ದು ಹರಿಯುತ್ತದೆ. ಮರದ ಎಲೆ, ಅದರ ಕೆಳಗೆ ಕಾಫಿಯ ಎಲೆ, ಅದರ ಕೆಳಗೆ ತರಗಿನ ಹಾಸು ಇದ್ದರೆ ಮಳೆಯ ಪೆಟ್ಟು ಮೂರು ಮೆಟ್ಟಿಲಿನಲ್ಲಿ ಇಳಿದು, ನೀರು ಮೆಲ್ಲನೆ ಇಂಗುತ್ತದೆ. ಮರದ ಬೇರು ಕಾಫಿಯ ಬೇರು ಮುಟ್ಟದ ಆಳದಿಂದ ಸಾರವನ್ನು ಮೇಲಕ್ಕೆತ್ತಿ, ಎಲೆಯ ರೂಪದಲ್ಲಿ ನೆಲಕ್ಕೆ ಹಿಂತಿರುಗಿಸುತ್ತದೆ. ನೆರಳು ಅತಿಯಾದರೂ ಕೆಡುಕೇ: ಮಳೆಗಾಲದಲ್ಲಿ ಗಾಳಿಯಾಡದೆ ಎಲೆ, ಕಾಯಿ ಕೊಳೆಯುತ್ತವೆ. ಆದಕಾರಣ ವರ್ಷಕ್ಕೊಮ್ಮೆ ಕೊಂಬೆಗಳನ್ನು ಸವರಿ ನೆರಳನ್ನು ಹದಗೊಳಿಸಬೇಕು. ಮಲೆನಾಡಿನಲ್ಲಿ ಈ ಕೆಲಸಕ್ಕೆ ಮರಗಸಿ ಎಂದು ಹೆಸರು.

ನಾವು ಒಮ್ಮೆ ನಮ್ಮ ವಿದ್ಯಾರ್ಥಿಗಳೊಡನೆ ಸಕಲೇಶಪುರದ ಕಡೆಯ ತೋಟವೊಂದನ್ನು ನೋಡಲು ಹೋಗಿದ್ದೆವು. ಮರಗಸಿಯ ಕಾಲ. ಮುಗಿಲು ಮುಟ್ಟುವ ಮರದ ನಡುವಿನಲ್ಲಿ, ಒಂದು ಹಗ್ಗವನ್ನು ನಂಬಿಕೊಂಡು, ವಯಸ್ಸಾದ ಕೆಲಸಗಾರನೊಬ್ಬನು ಕತ್ತಿ ಹಿಡಿದು ನಿಂತಿದ್ದನು. ಕೆಳಗಿಳಿದ ಮೇಲೆ ವಿದ್ಯಾರ್ಥಿಯೊಬ್ಬನು ಕೇಳಿದನು: “ಯಾವ ಕೊಂಬೆ ಕಡೀಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ, ತಾತ?” ಆತನು ಮೇಲೆ ನೋಡಲಿಲ್ಲ; ಕೆಳಗಿನ ಕಾಫಿಯ ಗಿಡವನ್ನು ತೋರಿಸಿದನು. “ಮರ ಹತ್ತೋ ಮುಂಚೆ ಗಿಡ ನೋಡ್ಬೇಕು ಮಗ. ಎಲ್ಲಿ ಬಿಸಿಲು ಸಾಲ್ದು ಅನ್ನೋದನ್ನ ಅದೇ ಹೇಳ್ತದೆ.” ಎಲಿಯಟ್ಟರ ನೆರಳಿನ ಅಧ್ಯಾಯವನ್ನು ನಾವು ಮತ್ತೆ ಓದಿದಾಗಲೆಲ್ಲ ಆ ಮಾತು ನಮಗೆ ನೆನಪಾಗುತ್ತದೆ. ಪುಸ್ತಕವೂ ಕೊನೆಗೆ ಇದನ್ನೇ ಹೇಳುತ್ತದೆ. ಆದರೆ ಸ್ವಲ್ಪ ಉದ್ದವಾಗಿ.

ಇದೇ ಕಾಲದಲ್ಲಿ ಸರ್ಕಾರವೂ ಕಾಡಿನ ಕಡೆ ಕಣ್ಣು ತೆರೆಯಿತು. ಶಿವಮೊಗ್ಗೆಯ ಕಡೆ ವೈದ್ಯಾಧಿಕಾರಿಯಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ಎಂಬವರು ಉಷ್ಣದೇಶದ ಕಾಡುಗಳ ನಾಶದ ಪರಿಣಾಮವನ್ನು ಕುರಿತ ವರದಿಯನ್ನು 1851ರಲ್ಲಿ ಬ್ರಿಟನ್ನಿನ ವಿಜ್ಞಾನ ಪರಿಷತ್ತಿಗೆ ಸಲ್ಲಿಸಿದ ಸಮಿತಿಯ ಮುಂದಾಳು. 1856ರಲ್ಲಿ, ಎಲಿಯಟ್ಟರು ಮಂಜರಾಬಾದಿಗೆ ಬಂದ ವರ್ಷವೇ, ಅವರು ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದುದು 1864ರಲ್ಲಿ. ಅರಣ್ಯ ಶಾಸನ ಬಂದುದು 1900ರಲ್ಲಿ. ಇದು ಕೇವಲ ವೃಕ್ಷಪ್ರೇಮದಿಂದ ಆದುದೆಂದು ತಿಳಿಯಬಾರದು. ರೈಲಿನ ಹಳಿಯ ಕೆಳಗೆ ಇಡುವ ದಿಮ್ಮಿಗಳಿಗೆ ಮರ ಬೇಕಾಗಿತ್ತು. ಹಡಗಿಗೆ ತೇಗ ಬೇಕಾಗಿತ್ತು. ಬೊಕ್ಕಸಕ್ಕೆ ಗಂಧದ ಹಣ ಬೇಕಾಗಿತ್ತು. ಕಾಡನ್ನು ಕಾಯಲು ಹೊರಟ ಶಾಸನ ಕಾಡಿನ ಅಂಚಿನ ಬಡವನ ಕೈಯ ಕೊಡಲಿಯನ್ನು ಮೊದಲು ಹಿಡಿಯಿತು. ಕುಮರಿ ಬೇಸಾಯಗಾರನು ಅಪರಾಧಿಯಾದನು. ನೂರಾರು ಎಕರೆ ಕಾಡನ್ನು ಕಾಫಿಗೆಂದು ಪಡೆದು ಸುಟ್ಟವನು ಗೌರವಸ್ಥನಾದ ತೋಟಗಾರನಾಗಿ ಉಳಿದನು. ಈ ವ್ಯತ್ಯಾಸವನ್ನು ಮರೆತು ಎಲಿಯಟ್ಟರ ಗುಣಗಾನ ಮಾಡಿದರೆ ಅದು ಅರ್ಧಸತ್ಯವಾಗುತ್ತದೆ.

ಎಲಿಯಟ್ಟರ ಜೀವನದ ಕೊನೆಯ ಭಾಗ ನಮ್ಮ ದೇಶದಲ್ಲಿ ನಡೆದುದಲ್ಲ. ಆದರೆ ಅದನ್ನು ಹೇಳದೆ ಈ ಕಥೆ ಮುಗಿಯುವುದಿಲ್ಲ. ಸ್ಕಾಟ್‌ಲೆಂಡಿನ ಗಡಿಯಲ್ಲಿ, ಕೆಲ್ಸೋ ಎಂಬ ಊರಿನ ಬಳಿ, ಕ್ಲಿಫ್ಟನ್ ಪಾರ್ಕ್ ಎಂಬ ಜಮೀನು ಅವರದಾಗಿತ್ತು. ಅಲ್ಲಿಯ ಹೊಲಗಳ ಸಾರ ಬತ್ತಿತ್ತು. ಧಾನ್ಯದ ಬೆಲೆ ಬಿದ್ದಿತ್ತು. ಕೊಂಡು ತಂದ ಗೊಬ್ಬರದ ಖರ್ಚು ರೈತನನ್ನು ತಿನ್ನುತ್ತಿತ್ತು. ಎಲಿಯಟ್ಟರು ಆಳಕ್ಕೆ ಬೇರು ಬಿಡುವ ಹುಲ್ಲುಗಳನ್ನೂ ಸಸ್ಯಗಳನ್ನೂ ಬೆರೆಸಿ ಬಿತ್ತಿದರು. ಕೆಲವು ವರ್ಷ ಹುಲ್ಲು, ದನಕುರಿಗಳ ಮೇವು. ಅನಂತರ ಆ ಹುಲ್ಲುನೆಲವನ್ನು ಉತ್ತು ಕೆಲವು ವರ್ಷ ಪೈರು. ಬೇರುಗಳು ಕೆಳಗಿನ ಗಟ್ಟಿ ಪದರವನ್ನು ಭೇದಿಸಿ, ಕೊಳೆತು, ಮಣ್ಣಿಗೆ ಮತ್ತೆ ಜೀವ ಕೊಟ್ಟವು. ಅವರು ಆರಿಸಿದ ಸಸ್ಯಗಳಲ್ಲಿ ಚಿಕೋರಿ ಒಂದು. ಹೌದು, ನಮ್ಮ ಕಾಫಿಯ ಪುಡಿಗೆ ಬೆರೆಸುವ ಅದೇ ಚಿಕೋರಿ! ಕಾಫಿ ಬೆಳೆದು ಹಣ ಮಾಡಿದವನು ಕೊನೆಗೆ ಚಿಕೋರಿಯನ್ನು ಹೊಗಳಿ ಬರೆದನೆಂದು ಕೇಳಿ ನಮ್ಮ ಊರಿನ ಕಾಫಿಪ್ರಿಯರು ನಗಬಹುದು. ಈ ವಿಚಾರವಾಗಿ 1898ರಲ್ಲಿ ಅವರು ಬರೆದ ಗ್ರಂಥ ಅವರ ಮರಣದ ತರುವಾಯವೂ ಬದುಕಿತು. ಅವರು ತೀರಿಕೊಂಡುದು 1914ರಲ್ಲಿ. 1943ರಲ್ಲಿ, ಯುದ್ಧದ ನಡುವೆ, ಬ್ರಿಟನ್ನು ಆಹಾರಕ್ಕಾಗಿ ತನ್ನ ಮಣ್ಣನ್ನೇ ನೆಚ್ಚಬೇಕಾಗಿದ್ದಾಗ, ಹುಲ್ಲುಗಾವಲಿನ ಶಾಸ್ತ್ರದಲ್ಲಿ ಹೆಸರಾದ ಸ್ಟೇಪಲ್ಡನ್ನರ ಮುನ್ನುಡಿಯೊಡನೆ ಅದು ಮತ್ತೆ ಅಚ್ಚಾಯಿತು.

ಮಂಜರಾಬಾದಿನ ಮರಕ್ಕೂ ಕ್ಲಿಫ್ಟನ್ನಿನ ಹುಲ್ಲಿಗೂ ಏನು ಸಂಬಂಧ? ನಮಗೆ ಕಾಣುವಂತೆ ಎರಡರಲ್ಲಿಯೂ ಒಂದೇ ವಿಚಾರವಿದೆ. ಮೇಲೆ ಕಾಣುವ ಫಸಲು ಬಡ್ಡಿ. ಕಾಣದ ಮಣ್ಣು ಅಸಲು. ಕಾಡನ್ನು ಸುಟ್ಟು ಮೊದಲ ಐದಾರು ವರ್ಷ ತೆಗೆದ ಭಾರಿ ಬೆಳೆಯನ್ನು ತೋಟಗಾರರು ಲಾಭವೆಂದು ಬರೆದುಕೊಂಡರು. ನಿಜವಾಗಿ ಅವರು ಅಸಲನ್ನೇ ಖರ್ಚುಮಾಡುತ್ತಿದ್ದರು. ಈ ಲೆಕ್ಕದ ತಪ್ಪನ್ನು ಆ ಪೀಳಿಗೆಯ ಅನೇಕರು ದಿವಾಳಿಯಾಗಿ ತಿಳಿದರು. ಎಲಿಯಟ್ಟರು ಬದುಕಿ ಉಳಿದು, ತಿಳಿದುದನ್ನು ಬರೆದಿಟ್ಟರು. ಅವರ ಹೆಚ್ಚುಗಾರಿಕೆ ಇಷ್ಟೆ. ಆದರೆ ಇದು ಕಡಿಮೆಯೇನಲ್ಲ.

ಅವರನ್ನು ಋಷಿಯೆಂದು ಚಿತ್ರಿಸುವ ಉದ್ದೇಶ ನಮಗಿಲ್ಲ. ಮಂಜರಾಬಾದಿನ ಗೌಡರನ್ನು ಕುರಿತು ಅವರು ಆದರದಿಂದ ಬರೆದರು; ಆದರೆ ಜಾತಿಪದ್ಧತಿಯನ್ನು ಸಮರ್ಥಿಸಿದರು, ಇಂಡಿಯನ್ ಕಾಂಗ್ರೆಸ್ಸನ್ನು ಕಟುವಾಗಿ ಟೀಕಿಸಿದರು. ಕಾಡುಪ್ರಾಣಿಗಳು ಅವರಿಗೆ ಬೇಟೆಯ ವಸ್ತು. ಮರವನ್ನು ಅವರು ಉಳಿಸಿ ಎಂದುದು ಕಾಫಿಗಾಗಿ, ಮರಕ್ಕಾಗಿ ಅಲ್ಲ. ನೆರಳಿನ ತೋಟ ಎಷ್ಟು ದಟ್ಟವಾಗಿದ್ದರೂ ಅದು ಕಾಡಾಗುವುದಿಲ್ಲ. ಅದರ ಅಡಿಯಲ್ಲಿ ಎಳೆಯ ಸಸಿಗಳು ಬೆಳೆಯಲು ಬಿಡುವುದಿಲ್ಲ, ಕಳೆಯೊಡನೆ ಅವೂ ಕತ್ತಿಗೆ ಸಿಕ್ಕುತ್ತವೆ. ಆದರೂ ಸ್ವಾರ್ಥದಿಂದ ಹುಟ್ಟಿದ ವಿವೇಕವೂ ವಿವೇಕವೇ. ಬೋಳಾದ ಗುಡ್ಡಕ್ಕೂ ನೆರಳಿನ ತೋಟಕ್ಕೂ ಇರುವ ಅಂತರ ಕೆಳಗಿನ ಹೊಳೆಗೆ ಚೆನ್ನಾಗಿ ಗೊತ್ತು.

ಹತ್ತೊಂಬತ್ತನೆಯ ಶತಮಾನದವರು ಮರ ಕಡಿದರೆ ಮಳೆಯೇ ನಿಂತುಹೋಗುತ್ತದೆಂದು ಭಯಪಟ್ಟರು. ಇಂದಿನ ವಿಜ್ಞಾನಿಗಳು ಅಷ್ಟು ನೇರವಾಗಿ ಹೇಳುವುದಿಲ್ಲ. ಮುಂಗಾರು ಸಮುದ್ರದಿಂದ ಬರುತ್ತದೆ. ಆದರೆ ಬಿದ್ದ ಮಳೆಯನ್ನು ಹಿಡಿಯುವ ಮಣ್ಣು ಉಳಿಯುತ್ತದೆಯೆ ಇಲ್ಲವೆ ಎಂಬುದು ಇಳಿಜಾರಿನ ಮೇಲಿನ ಬೇರುಗಳನ್ನು ಅವಲಂಬಿಸಿದೆಯೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಇದು ನಮ್ಮ ನಾಲ್ಕು ಊರುಗಳ ಪ್ರಶ್ನೆ. ಗೊರೂರಿನ ಜಲಾಶಯದ ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಹೊಲಗಳಿಗೆ ಹೋಗುತ್ತವೆ. ಎಡದಂಡೆಯ ನಾಲೆ ಹಾಸನ, ಚನ್ನರಾಯಪಟ್ಟಣಗಳ ಕಡೆ ಹರಿದು, ಬಾಗೂರು ನವಿಲೆಯ ಸುರಂಗವನ್ನು ಹೊಕ್ಕು ತುಮಕೂರಿನ ಕಡೆಗೂ ಹೋಗುತ್ತದೆ. ಮೇಲಿನಿಂದ ಮಣ್ಣು ಜಾರಿದಷ್ಟೂ ಜಲಾಶಯದ ತಳ ಏರುತ್ತದೆ. ಒಂದು ಅಂಗುಲ ಹೂಳು ಬಿದ್ದ ಕಡೆ ಒಂದು ಅಂಗುಲ ನೀರಿಗೆ ಸ್ಥಳವಿಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಸಕಲೇಶಪುರ ಸುಬ್ರಹ್ಮಣ್ಯದ ಘಟ್ಟದ ರೈಲುದಾರಿಯ ಮೇಲೆ ಗುಡ್ಡಗಳು ಕುಸಿದು ಸಂಚಾರ ನಿಂತುದನ್ನು ನೀವೆಲ್ಲ ಬಲ್ಲಿರಿ. ಆ ನೆಲ ಎಷ್ಟು ಸೂಕ್ಷ್ಮವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಮಲೆನಾಡಿನ ತೋಟಗಳಲ್ಲಿ ಹೊಸದೊಂದು ಲೆಕ್ಕ ನಡೆಯುತ್ತಿದೆ. ಗೋಣಿ, ಬಸರಿ, ಅತ್ತಿ, ನಂದಿಗಳ ಸ್ಥಾನಕ್ಕೆ ಆಸ್ಟ್ರೇಲಿಯದ ಸಿಲ್ವರ್ ಮರ ಬಂದಿದೆ. ಅದು ನೆಟ್ಟಗೆ, ಬೇಗನೆ ಬೆಳೆಯುತ್ತದೆ; ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ; ಮಾರಿದರೆ ಹಣ. 1976ರ ಮರಗಳ ಸಂರಕ್ಷಣಾ ಕಾನೂನಿನಲ್ಲಿ ಇತರ ಅನೇಕ ಮರಗಳನ್ನು ಕಡಿಯಲು ಅಪ್ಪಣೆ ಬೇಕು. ಸಿಲ್ವರಿಗೆ ವಿನಾಯಿತಿ ಇದೆ. ಹಳೆಯ ಮರವನ್ನು ಕಾಪಾಡಿದವನಿಗೆ ತೊಡಕು, ಹೊಸ ಮರವನ್ನು ನೆಟ್ಟವನಿಗೆ ಸರಾಗ ಎಂಬಂತೆ ಆಗಿದೆ. ತೋಟಗಾರನನ್ನು ದೂರುವುದು ಸುಲಭ. ಕಾಫಿಯ ಬೆಲೆ ಬಿದ್ದ ವರ್ಷ, ಬ್ಯಾಂಕಿನ ಸಾಲ ತಲೆಯ ಮೇಲಿರುವಾಗ, ನಾಲ್ಕು ದೊಡ್ಡ ಮರಗಳು ಅವನಿಗೆ ನಾಲ್ಕು ಹಣದ ಗಂಟುಗಳಾಗಿ ಕಾಣುತ್ತವೆ. ನಮ್ಮ ಶ್ರೋತೃಗಳಲ್ಲಿಯೂ ಹಲವರಿಗೆ ಊರಿನ ಕಡೆ ಪಿತ್ರಾರ್ಜಿತ ತೋಟವಿದೆ. ಮಗಳ ಮದುವೆಗೋ ಮಗನ ವಿದ್ಯಾಭ್ಯಾಸಕ್ಕೋ ಮರ ಮಾರುವ ಮಾತು ಮನೆಯಲ್ಲಿ ಬಂದಿರಬಹುದು. ಅಂತಹ ಸಮಯದಲ್ಲಿ ಉ‍ಪದೇಶ ಹೇಳಲು ನಾವು ಅಧಿಕಾರಿಗಳಲ್ಲ. ಆದರೆ ಮರದ ವ್ಯಾಪಾರಿ ಹೇಳಿದ ಬೆಲೆಯ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನೂ ಬರೆದು ನೋಡಬೇಕೆಂದು ಕೇಳಿಕೊಳ್ಳಬಹುದು: ಆ ಗೋಣಿ ಹೋದ ಮೇಲೆ ಅದರ ಕೆಳಗಿನ ಗಿಡಗಳ ಗತಿಯೇನು, ಅದು ಪುನಃ ಬೆಳೆಯಲು ಎಷ್ಟು ವರ್ಷ ಬೇಕು?

ಎಲಿಯಟ್ಟರ ಪೀಳಿಗೆಗೆ ಈ ಎರಡನೆಯ ಅಂಕಿ ಗೊತ್ತಾಗಲು ಹತ್ತು ವರ್ಷ ಹಿಡಿಯಿತು. ಅದನ್ನು ಹೇಳಿದುದು ಒಂದು ದುಂಬಿ. ನಮಗೆ ಆ ಅಂಕಿ ಪುಸ್ತಕದಲ್ಲಿ ಬರೆದಿದೆ, ಮರಗಸಿಯ ತಾತನ ಮಾತಿನಲ್ಲಿದೆ, ಹೇಮಾವತಿಯ ನೀರಿನ ಬಣ್ಣದಲ್ಲಿಯೂ ಇದೆ. ಮರ ಹತ್ತುವುದಕ್ಕೆ ಮುಂಚೆ ಗಿಡವನ್ನು ನೋಡಬೇಕು ಎಂದನಲ್ಲವೆ ಆ ಮುದುಕ? ಗಿಡದಾಚೆಗೆ, ಇಳಿಜಾರಿನ ಕೆಳಗೆ, ನಾಲೆಯ ಕೊನೆಯಲ್ಲಿ ನೀರಿಗೆ ಕಾಯುತ್ತಿರುವ ಚನ್ನರಾಯಪಟ್ಟಣದ ಹೊಲವನ್ನೂ ಒಮ್ಮೆ ನೋಡಿ ಕತ್ತಿ ಎತ್ತಿದರೆ ಒಳ್ಳೆಯದೆಂದು ನಮಗೆ ತೋರುತ್ತದೆ.